ಸ್ವಂತಕ್ಕೆ ಕೂತದ್ದಲ್ಲ, ಕಂಪನಿಗಾಗಿ ಕೂತದ್ದು

ಇಂದ,
ಕುರ್ಚಿ ಪರೀಕ್ಷಕ (ತಾವೂ ಸೇರಿದಂತೆ ಎಲ್ಲರೂ ‘ಮೂಟೆ’ ಎಂದು ಕರೆಯುವವನು),
ಪರೀಕ್ಷೆಯ ಶೆಡ್ಡು, ಮರ ಕೊಯ್ಯುವ ಯಂತ್ರದ ಹಿಂದುಗಡೆ.
ಸದ್ಯ: ಅಕ್ಕನ ಮನೆ, ಬೋರಲು ಬಿದ್ದ ಸ್ಥಿತಿಯಲ್ಲಿ.

ಗೆ,
ಮಾಲೀಕರು,
ಕುರ್ಚಿ ಕಾರ್ಖಾನೆ.
(ಗುಮಾಸ್ತರ ಮೂಲಕ. ಗುಮಾಸ್ತರು ಇದನ್ನು ಮೊದಲೇ ಒಡೆದು ಓದುತ್ತಾರೆಂದು ಗೊತ್ತಿರುವುದರಿಂದ, ಅವರಿಗೆ ತಲುಪಬೇಕಾದ್ದನ್ನೂ ಅಲ್ಲಲ್ಲಿ ಸೇರಿಸಲಾಗಿದೆ.)

ವಿಷಯ: ಕಚೇರಿಯ ಕುರ್ಚಿ ಮುರಿದು ನನ್ನ ಬಾಲಮೂಳೆ ಬಿರುಕುಬಿಟ್ಟದ್ದನ್ನು ಅಪಘಾತಗಳ ಪುಸ್ತಕದಲ್ಲಿ ಒಂದು ಸಾಲು ಬರೆದು, ನನ್ನ ಕೆಲಸ ಹೋಗದಂತೆ ಮಾಡುವ ಬಗ್ಗೆ.

ಉಲ್ಲೇಖ:
1. ಬಿದ್ದ ದಿನ ನಾನು ನೆಲದ ಮೇಲಿಂದಲೇ ಸಲ್ಲಿಸಿದ ಮೌಖಿಕ ದೂರು. ಉತ್ತರ: “ಮೊದಲು ಎದ್ದೇಳೋ.”
2. ಮೂರನೇ ದಿನ ಫೋನಿನಲ್ಲಿ ಸಲ್ಲಿಸಿದ ದೂರು. ಉತ್ತರ: ಫೋನ್ ಇಟ್ಟರು.
3. ಹನ್ನೊಂದನೇ ದಿನ ನನ್ನ ಅಕ್ಕ ಕಾರ್ಖಾನೆಯ ಗೇಟಿನಲ್ಲಿ ಸಲ್ಲಿಸಿದ ದೂರು. ಉತ್ತರ ಬಂದಿಲ್ಲವಾದರೂ ಇಡೀ ಬೀದಿಗೆ ಕೇಳಿಸಿದೆ.

ಮಾನ್ಯರೇ,

ಈ ಮೂಲಕ ಕೆಳಗೆ ಸಹಿ ಮಾಡಿರುವ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ತಮ್ಮ ಕಾರ್ಖಾನೆಯಲ್ಲಿ ಮೂರು ವರ್ಷ ಎರಡು ತಿಂಗಳಿಂದ ಕೂರುವ ಕೆಲಸ ಮಾಡಿಕೊಂಡಿದ್ದೇನೆ. ಓದಿದ್ದು ಎಂಟನೇ ತರಗತಿಯವರೆಗೆ. ಅದರಲ್ಲಿ ಮುಕ್ಕಾಲು ಪಾಲು ಬೆಂಚಿನ ಮೇಲೆ ನಿಂತು ಓದಿದ್ದು. ಆದ್ದರಿಂದ ಅರ್ಜಿಯಲ್ಲಿ ತಪ್ಪಿದ್ದರೆ ಮನ್ನಿಸುವುದು. ತಪ್ಪಿಲ್ಲದ ಕಡೆ ಮನ್ನಿಸುವ ಅಗತ್ಯವಿಲ್ಲ, ಒಪ್ಪಿಕೊಂಡರೆ ಸಾಕು.

ಗಾಯವಾಗಿ ಇಂದಿಗೆ ಹತ್ತೊಂಬತ್ತು ದಿನ. ಪುಸ್ತಕದಲ್ಲಿ ದಾಖಲಾಗದೆ ಇಪ್ಪತ್ತೊಂದು ದಿನ ಗೈರಾದವನ ಹೆಸರನ್ನು ಹಾಜರಿಯಿಂದ ತೆಗೆದುಹಾಕುವ ನಿಯಮವಿದೆ ಎಂದು ಗುಮಾಸ್ತರು ನನಗೆ ಬಹಳ ಸಂತೋಷದಿಂದ ತಿಳಿಸಿದ್ದಾರೆ. ಅಂದರೆ ಇನ್ನು ಎರಡೇ ದಿನ. ಕಾರಣ, ಕೆಳಗಿನ ಅಂಶಗಳನ್ನು ತುರ್ತಾಗಿ, ಸಾಧ್ಯವಾದರೆ ಗಟ್ಟಿಯಾಗಿ ಓದಿಸಿಕೊಳ್ಳಬೇಕಾಗಿ ವಿನಂತಿ.

1. ನನ್ನ ಕೆಲಸದ ಸ್ವರೂಪ. ತಾವು ಶೆಡ್ಡಿಗೆ ಬಂದು ನೋಡಿದ್ದು ಒಂದೇ ಸಲ, ಅದೂ ದಾರಿ ತಪ್ಪಿ. ಆದ್ದರಿಂದ ವಿವರಿಸುತ್ತೇನೆ. ಪ್ರತಿ ಕುರ್ಚಿಯ ಮೇಲೆ ನಾನು ನನ್ನ ತೊಂಬತ್ತೆಂಟು ಕಿಲೋ ಸಮೇತ ಮೂವತ್ತು ಸಲ ಧೊಪ್ಪನೆ ಕೂರಬೇಕು. ಹತ್ತು ಸಲ ಹಿಂಗಾಲಿನ ಮೇಲೆ ವಾಲಬೇಕು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೊರಳಬೇಕು. ತಡೆದುಕೊಂಡರೆ ಸೀಟಿನ ಅಡಿಯಲ್ಲಿ ಬಿಳಿ ಸೀಮೆಸುಣ್ಣದಲ್ಲಿ ಸರಿ ಗುರುತು. ಕಿರ್ ಎಂದರೆ ಕೆಂಪು ಸೀಮೆಸುಣ್ಣದಲ್ಲಿ ತಪ್ಪು ಗುರುತು, ಪಕ್ಕದಲ್ಲೇ ಪೆನ್ಸಿಲಿನಲ್ಲಿ ಕಾರಣ. ಕೆಂಪು ಗುರುತಿನವು ಹಿತ್ತಲಿಗೆ ಹೋಗಿ ಬಿಚ್ಚಿಸಿಕೊಳ್ಳಬೇಕು. ಇದು ತಾವೇ ಮಾಡಿದ ನಿಯಮ.

ಇದನ್ನು ಕೇಳಿದವರೆಲ್ಲ ನಗುತ್ತಾರೆ. “ಕೂರೋದೂ ಒಂದು ಕೆಲಸವೇನೋ?” ಎನ್ನುತ್ತಾರೆ. ಅಂಥವರಿಗೆ ದಿನಕ್ಕೆ ನಲವತ್ತು ಕುರ್ಚಿ, ಕುರ್ಚಿಗೆ ಮೂವತ್ತು ಸಲ ಎಂದು ಲೆಕ್ಕ ಹಾಕಿಕೊಳ್ಳಲು ಹೇಳಿ, ಸಂಜೆ ಮೆಟ್ಟಿಲು ಹತ್ತಿ ಮನೆಗೆ ಹೋಗಲು ಹೇಳಬೇಕು.

2. ಘಟನೆಯ ಹಿಂದಿನ ದಿನ ನಾನು ಒಂದು ಶಾಲೆಗೆ ಹೋಗಬೇಕಿದ್ದ ಅರವತ್ತು ಕುರ್ಚಿಗಳಲ್ಲಿ ಹದಿನೇಳನ್ನು ಫೇಲು ಮಾಡಿದ್ದೆ. ಕಾರಣ, ಅವು ಫೇಲಾಗಿದ್ದವು.

3. ಮರುದಿನ ಬೆಳಿಗ್ಗೆ ಹನ್ನೊಂದೂಕಾಲಕ್ಕೆ ಮೇಸ್ತ್ರಿಗಳು ಶೆಡ್ಡಿಗೆ ಬಂದು, “ಲೋ ಮೂಟೆ, ಮಾಲೀಕರು ಕರೀತಾರೆ. ಹದಿನೇಳು ಕುರ್ಚಿ ವಿಷಯ. ಬಾಯಿ ಮುಚ್ಕೊಂಡು ಬಾ” ಎಂದರು. ನಾನು ಬಾಯಿ ಮುಚ್ಚಿಕೊಂಡೇ ಬಂದೆ. ಇದನ್ನು ಏಕೆ ಒತ್ತಿ ಹೇಳುತ್ತಿದ್ದೇನೆಂದರೆ, ನಾನು ಕಚೇರಿಗೆ ಬಂದದ್ದು ತಮ್ಮ ಕರೆಯ ಮೇರೆಗೆ, ಕೆಲಸದ ಹೊತ್ತಿನಲ್ಲಿ, ಕೆಲಸದ ವಿಷಯಕ್ಕಾಗಿ. ತಿರುಗಾಡಲು ಬಂದದ್ದಲ್ಲ.

4. ಕಚೇರಿಯ ಮುಂಭಾಗದಲ್ಲಿ ಬಂದವರಿಗೆಂದು ಆರು ಕುರ್ಚಿ ಹಾಕಲಾಗಿದೆ. ಕೂರುವ ಮುನ್ನ ಕುರ್ಚಿಯನ್ನು ಮಗುಚಿ ಅಡಿ ನೋಡುವುದು ನನ್ನ ಅಭ್ಯಾಸ. ನೆಂಟರ ಮನೆಯಲ್ಲೂ ನೋಡುತ್ತೇನೆ. ಭಾವ ಇದೇ ಕಾರಣಕ್ಕೆ ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ. ಅಂದೂ ಮಗುಚಲು ಕೈ ಹಾಕಿದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ ಗದರಿದರು.

“ಏಯ್, ಏನಪ್ಪಾ ಅದು? ಇದು ಆಫೀಸು, ನಿನ್ನ ಶೆಡ್ಡಲ್ಲ. ಕುರ್ಚಿ ಮುಟ್ಟಬೇಡ.”

“ಮುಟ್ಟದೆ ಹೇಗೆ ಸರ್ ಕೂರೋದು?”

“ಮರ್ಯಾದಸ್ಥರು ಕೂರೋ ಹಾಗೆ ಕೂತ್ಕೋ.”

ನಾನು ಮರ್ಯಾದಸ್ಥರು ಕೂರುವ ಹಾಗೆ ಕೂತೆ. ಜೀವಮಾನದಲ್ಲಿ ಅಷ್ಟು ಮೆತ್ತಗೆ ಕೂತವನಲ್ಲ. ಮೊಟ್ಟೆಯ ಮೇಲೆ ಕೂತಹಾಗೆ ಕೂತೆ. ಬಲಗಡೆಯ ಹಿಂಗಾಲು ಲಟಕ್ಕೆಂದಿತು. ಕುರ್ಚಿ ಒಂದು ಕಡೆ, ನಾನು ಒಂದು ಕಡೆ, ನನ್ನ ಬಾಲಮೂಳೆ ಸೀಟಿನ ಅಂಚಿನ ಮೇಲೆ. ಶಬ್ದ ಪಾಲಿಶ್ ವಿಭಾಗದವರೆಗೆ ಕೇಳಿಸಿತಂತೆ. ಪಾಲಿಶ್‌ನವನು ಅದು ಕುರ್ಚಿಯದು ಎಂದುಕೊಂಡ. ಎರಡೂ ಸೇರಿ ಆದ ಶಬ್ದ ಅದು.

5. ನೆಲದ ಮೇಲೆ ಬಿದ್ದಿದ್ದ ನನ್ನ ಮುಖದ ಎದುರಿಗೇ ಕುರ್ಚಿಯ ಅಡಿಭಾಗವಿತ್ತು. ಕೆಂಪು ಗುರುತನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದರು. ಆದರೆ ಪೆನ್ಸಿಲು ಹಾಗೆಲ್ಲ ಹೋಗುವುದಿಲ್ಲ. ಅಲ್ಲಿ ನನ್ನದೇ ಕೈಬರಹದಲ್ಲಿ ಹೀಗೆ ಬರೆದಿತ್ತು: “ಬಲ ಹಿಂಗಾಲು ಸಡಿಲ. ಯಾರೂ ಕೂರಬಾರದು.”

ಮಾನ್ಯರೇ, ಒಬ್ಬ ಮನುಷ್ಯ ತಾನೇ ಬರೆದ ಎಚ್ಚರಿಕೆಯನ್ನು ಮೂಳೆ ಮುರಿದುಕೊಂಡ ಮೇಲೆ ಓದಬೇಕಾಗಿ ಬಂದರೆ ಅವನಿಗೆ ಏನನ್ನಿಸುತ್ತದೆ ಎಂಬುದನ್ನು ಅಧಿಕೃತ ಭಾಷೆಯಲ್ಲಿ ಬರೆಯಲು ಬರುವುದಿಲ್ಲ. ನಾನು ಬರೆದಿದ್ದೆ. ಆ ಸಾಲನ್ನು ಅಕ್ಕನ ಸಲಹೆಯ ಮೇರೆಗೆ ಹೊಡೆದುಹಾಕಲಾಗಿದೆ. ಆದರೆ ಬೆಳಕಿಗೆ ಹಿಡಿದರೆ ಓದಲು ಬರುವ ಹಾಗೆ ಹೊಡೆದುಹಾಕಲಾಗಿದೆ.

ಹಿಂದೆಂದೋ ಫೇಲಾದ ಕುರ್ಚಿ (ಶಾಲೆಯ ಹದಿನೇಳರಲ್ಲಿ ಒಂದಲ್ಲ, ಅದಕ್ಕೂ ಹಳೆಯದು) ಆಫೀಸಿಗೆ ಹೇಗೆ ಬಂತು ಎಂದು ಅಲ್ಲಿಂದಲೇ ಕೇಳಿದ್ದಕ್ಕೆ ಗುಮಾಸ್ತರು, “ಒಳ್ಳೇ ಮರ ಕಣಪ್ಪಾ, ಬಿಚ್ಚೋಕೆ ಮನಸ್ಸು ಬರಲಿಲ್ಲ. ಬರೋರು ಎಷ್ಟೊತ್ತು ಕೂರ್ತಾರೆ, ಹೇಳು?” ಎಂದರು. ನಾನು ಎರಡು ಸೆಕೆಂಡು ಕೂತಿದ್ದೆ.

6. ನಂತರ ನನ್ನನ್ನು ನಾಲ್ಕು ಜನ ಎತ್ತಿ ತಮ್ಮ ಮೇಜಿನ ಮೇಲೆ ಬೋರಲು ಮಲಗಿಸಿದರು. ಆ ಸ್ಥಿತಿಯಲ್ಲಿ ನನ್ನ ಬೆನ್ನ ಮೇಲೆ ನಡೆದ ಸಭೆಯ ನಡಾವಳಿ ಈ ಕೆಳಗಿನಂತಿದೆ. ಮುಖ ಕೆಳಗಿತ್ತೇ ಹೊರತು ಕಿವಿ ಮೇಲಿತ್ತು.

ಮೇಸ್ತ್ರಿ: “ಪುಸ್ತಕದಲ್ಲಿ ಬರೆಯೋದಾ ಸ್ವಾಮಿ?”

ಗುಮಾಸ್ತರು: “ಏನಂತ ಬರೀಲಿ? ಒಂಬತ್ತು ವರ್ಷದಿಂದ ಆ ಪುಸ್ತಕದಲ್ಲಿ ಒಂದು ಗೆರೆ ಬಿದ್ದಿಲ್ಲ. ಬಿಳೀ ಹಾಳೆ ಹಾಗೇ ಇಟ್ಕೊಂಡಿದೀನಿ. ಇವನ ಕುಂಡಿಗೋಸ್ಕರ ಕೆಡಿಸ್ಲಾ?”

ಮೇಸ್ತ್ರಿ: “ಆದ್ರೆ ಇವನ ಕೆಲಸಾನೇ ಕೂರೋದಲ್ವಾ? ಕೂತು ಬಿದ್ದಿದಾನೆ.”

ತಾವು: “ಪರೀಕ್ಷೆಗೆ ಕೂತ್ನಾ?”

ಗುಮಾಸ್ತರು: “ಇಲ್ಲ ಸ್ವಾಮಿ, ಸುಮ್ನೆ ಕೂತಿದ್ದು. ಮೂವತ್ತು ಸಲ ಕೂತಿಲ್ಲ, ಒಂದೇ ಸಲ. ಧೊಪ್ ಅಂತಾನೂ ಕೂರಲಿಲ್ಲ, ಮೆತ್ತಗೆ ಕೂತ. ನಾನೇ ನೋಡಿದೀನಿ.”

ತಾವು: “ಹಾಗಾದ್ರೆ ಸ್ವಂತಕ್ಕೆ ಕೂತಿದ್ದು. ಕಂಪನಿಗಾಗಿ ಕೂತಿದ್ದಲ್ಲ.”

ಇಷ್ಟು ತೀರ್ಮಾನಿಸಿ ತಾವು, “ಇವನ ಹೊಟ್ಟೆ ಕೆಳಗೆ ಒಂದು ನೀಲಿ ಫೈಲಿದೆ, ಸ್ವಲ್ಪ ಎತ್ತಿ” ಎಂದಿರಿ. ಎತ್ತಿದರು. ಫೈಲು ತೆಗೆದುಕೊಂಡಿರಿ. ಮತ್ತೆ ಇಳಿಸಿದರು. ಆಗ ಆದ ನೋವನ್ನು ಈ ಅರ್ಜಿಯಲ್ಲಿ ಸೇರಿಸಿಲ್ಲ, ಬೇಕಾದರೆ ಬೇರೆ ಅರ್ಜಿ ಕೊಡುತ್ತೇನೆ.

7. ‘ಸ್ವಂತಕ್ಕೆ ಕೂತದ್ದು’ ಎಂಬ ತಮ್ಮ ತೀರ್ಮಾನವನ್ನು ನಾನು ಈ ಕೆಳಗಿನ ಕಾರಣಗಳಿಂದ ಖಡಾಖಂಡಿತವಾಗಿ ಒಪ್ಪುವುದಿಲ್ಲ.

(ಅ) ನನಗೆ ಕೂರುವ ಆಸೆಯಿರಲಿಲ್ಲ. ದಿನಕ್ಕೆ ಸಾವಿರದಿನ್ನೂರು ಸಲ ಕೂರುವವನಿಗೆ ಸ್ವಂತಕ್ಕೆ ಕೂರುವ ಚಪಲ ಇರುವುದಿಲ್ಲ. ಮನೆಯಲ್ಲಿ ನಾನು ನಿಂತೇ ಊಟ ಮಾಡುವವನು. ಅಕ್ಕ ಸಾಕ್ಷಿ.

(ಆ) ಗುಮಾಸ್ತರು “ಕೂತ್ಕೋ” ಎಂದರು. ಅದು ಕಚೇರಿಯ ಆಜ್ಞೆ. ಆಜ್ಞೆಯ ಮೇರೆಗೆ ಕೂತದ್ದು ಕಂಪನಿಗಾಗಿ ಕೂತದ್ದು. “ಮುಟ್ಟಬೇಡ” ಎಂದೂ ಹೇಳಿ ನನ್ನ ಪರೀಕ್ಷೆಯನ್ನು ತಡೆದವರೂ ಅವರೇ.

(ಇ) ನಾನು ಧೊಪ್ಪನೆ ಕೂರಲಿಲ್ಲ ಎಂಬುದು ನನ್ನ ತಪ್ಪಾಗುವುದಾದರೆ, ಇನ್ನು ಮುಂದೆ ಕಚೇರಿಗೆ ಬರುವವರೆಲ್ಲ ಧೊಪ್ಪನೆಯೇ ಕೂರಬೇಕೆಂದು ಬೋರ್ಡು ಹಾಕಿಸುವುದು.

(ಈ) ಆ ಪುಸ್ತಕ ಒಂಬತ್ತು ವರ್ಷ ಖಾಲಿ ಹೇಗುಳಿಯಿತು ಎಂಬುದು ಎಲ್ಲರಿಗೂ ಗೊತ್ತು. ಪಾಲಿಶ್‌ನವನು ಏಣಿಯಿಂದ ಬಿದ್ದಾಗ, ಅವನು ಊಟಕ್ಕೆ ಬೇಗ ಇಳಿದ ಎಂದು ತೀರ್ಮಾನವಾಯಿತು. ರಂದೆ ಹೊಡೆದು ಮರ ನಯ ಮಾಡುವವನ ಹೆಬ್ಬೆರಳ ಉಗುರು ಹಾರಿಹೋದಾಗ, ಅದು ಹೇಗೂ ಕತ್ತರಿಸಬೇಕಾಗಿದ್ದ ಉಗುರು ಎಂದರು. ಅವರು ಸುಮ್ಮನಿದ್ದರು. ನಾನು ಸುಮ್ಮನಿರುವ ಜಾತಿಯವನಲ್ಲ, ಕೂತಿರುವ ಸ್ಥಿತಿಯಲ್ಲೂ ಇಲ್ಲ.

8. ವೈದ್ಯರು ಆರು ವಾರ ಕೂರಬಾರದು, ನಿಲ್ಲಬಹುದು, ನಡೆಯಬಹುದು, ಬೋರಲು ಮಲಗಬಹುದು ಎಂದು ಚೀಟಿ ಬರೆದುಕೊಟ್ಟರು. ಅದನ್ನು ಭಾವನ ಕೈಯಲ್ಲಿ ಕಳಿಸಿದ್ದಕ್ಕೆ ಗುಮಾಸ್ತರು, “ಬಾಲಮೂಳೆ ಅಂತೆ! ನಿಮ್ಮ ಭಾಮೈದನಿಗೆ ಬಾಲ ಇದೆಯೇನ್ರೀ?” ಎಂದು ಕೇಳಿ ವಾಪಸು ಕೊಟ್ಟರು. ಭಾವ ಬಹಳ ಸಾಧು ಮನುಷ್ಯರು. “ನೋಡಿಲ್ಲ ಸರ್” ಎಂದು ಹೇಳಿ ಮನೆಗೆ ಬಂದರು. ಆ ರಾತ್ರಿಯ ಊಟದಲ್ಲಿ ಅಕ್ಕ ಅವರಿಗೆ ಏನೂ ಬಡಿಸಲಿಲ್ಲ.

ಮರುದಿನವೇ, ಅಂದರೆ ಉಲ್ಲೇಖ ಎರಡರ ದಿನ, ನಾನು ಮೇಸ್ತ್ರಿಗಳಿಗೆ ಫೋನ್ ಮಾಡಿ, “ನಿಂತು ಮಾಡೋ ಕೆಲಸ ಕೊಡಿ, ಇವತ್ತೇ ಬರ್ತೀನಿ. ಪಾಲಿಶ್ ಹೊಡೀತೀನಿ, ಮರ ಹೊರ್ತೀನಿ” ಎಂದೆ. ಅವರು, “ನಿನ್ನ ತಗೊಂಡಿರೋದೇ ಕೂರೋಕೆ. ಕೂರೋಕಾಗಲ್ಲ ಅಂದ್ರೆ ನೀನು ಯಾತಕ್ಕೆ?” ಎಂದು ಫೋನ್ ಇಟ್ಟರು. ಹೀಗಿರುವಾಗ, ಕೆಲಸಕ್ಕೆ ಬರಲಿಲ್ಲ ಎಂದು ಗೈರು ಹಾಕುವುದು ಯಾವ ನ್ಯಾಯ?

9. ಉಲ್ಲೇಖ ಮೂರರ ಬಗ್ಗೆ. ಅಕ್ಕ ಗೇಟಿಗೆ ಬಂದು ಏನೇನೋ ಕೂಗಿದಳು ಎಂದು ತಮಗೆ ದೂರು ಹೋಗಿದೆಯೆಂದು ಕೇಳಿದ್ದೇನೆ. ಅದು ಸುಳ್ಳು. ಅವಳು ಕೇಳಿದ್ದು ಇಷ್ಟೇ: “ಮುರಿದಿದ್ದು ಅವನ ಸ್ವಂತ ಮೂಳೆ ಅಂತೀರಲ್ಲ, ಇನ್ಯಾರ ಮೂಳೆ ತಂದು ಕೊಡ್ಬೇಕಿತ್ತು ನಿಮ್ಮ ಪುಸ್ತಕಕ್ಕೆ? ಬರೀರಿ ಈಗ! ಪೆನ್ನಿಲ್ವಾ? ನಾ ತಂದಿದೀನಿ!” ಮೂರು ಪೆನ್ನು ತೆಗೆದುಕೊಂಡು ಹೋಗಿದ್ದಳು. ಎರಡು ವಾಪಸು ಬಂದಿವೆ. ಒಂದು ಕಾವಲುಗಾರನ ಬಳಿ ಇರಬೇಕು, ವಿಚಾರಿಸುವುದು.

10. ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ನನ್ನ ಜಾಗದಲ್ಲಿ ಮರಳಿನ ಮೂಟೆ ಇಡಲಾಗಿದೆ ಎಂದು ಪಾಲಿಶ್‌ನವನು ಬಂದು ಹೇಳಿದ. ನಾನು ನಂಬಲಿಲ್ಲ. ನಡೆಯಬಹುದು ಎಂದು ಚೀಟಿಯಲ್ಲಿ ಇದ್ದುದರಿಂದ ನಡೆದೇ ಬಂದು ಶೆಡ್ಡಿನ ಕಿಟಕಿಯಲ್ಲಿ ಇಣುಕಿದೆ. ನಿಜ. ತೊಂಬತ್ತೆಂಟು ಕಿಲೋ ತೂಕ ಹಾಕಿ ತುಂಬಿಸಿದ ಮೂಟೆ. ಇಬ್ಬರು ಅದನ್ನು ಕೂಸಿನ ಹಾಗೆ ಎತ್ತಿ ಕುರ್ಚಿಯ ಮೇಲೆ ಇಳಿಸುತ್ತಿದ್ದರು. ನಾನು ಫೇಲು ಮಾಡಿದ ಅದೇ ಹದಿನೇಳು ಕುರ್ಚಿ. ಒಂದೂ ಕಿರ್ ಎನ್ನಲಿಲ್ಲ. ಮೇಸ್ತ್ರಿಗಳು ನನ್ನ ಬಿಳಿ ಸೀಮೆಸುಣ್ಣದಲ್ಲಿ, ನಾನು ಹಾಕುವ ಹಾಗೆಯೇ ಬಾಲ ಎಳೆದು, ಸರಿ ಗುರುತು ಹಾಕುತ್ತಿದ್ದರು.

“ಮೇಸ್ತ್ರಿ, ಅದು ನನ್ನ ಗುರುತು!” ಎಂದೆ.

“ನೀನೂ ಮೂಟೆ, ಅದೂ ಮೂಟೆ. ಅದು ಬಾಯಿ ಮಾಡಲ್ಲ, ಅಷ್ಟೇ ವ್ಯತ್ಯಾಸ. ಹೋಗು, ಮಲ್ಕೋ” ಎಂದರು.

ಮಾನ್ಯರೇ, ವ್ಯತ್ಯಾಸ ಅಷ್ಟೇ ಅಲ್ಲ. ಮರಳಿನ ಮೂಟೆ ಕಾಲ ಮೇಲೆ ಕಾಲು ಹಾಕುವುದಿಲ್ಲ. ಹಿಂದಕ್ಕೆ ವಾಲಿ ಆಕಳಿಸುವುದಿಲ್ಲ. ಯಾರೋ ಕರೆದರೆಂದು ಗಕ್ಕನೆ ತಿರುಗುವುದಿಲ್ಲ. ಬಿದ್ದ ಪೆನ್ನು ಎತ್ತಿಕೊಳ್ಳಲು ಒಂದು ಪಕ್ಕಕ್ಕೆ ಬಗ್ಗುವುದಿಲ್ಲ. ಸಿಟ್ಟು ಬಂದು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಏಳುವುದಿಲ್ಲ. ಕುರ್ಚಿ ಮುರಿಯುವುದು ಕೂತಾಗ ಅಲ್ಲ, ಕೂತವನು ಬದುಕಿದ್ದಾಗ. ಮೂರು ವರ್ಷದಲ್ಲಿ ನಾನು ಕಲಿತ ವಿದ್ಯೆ ಇದೊಂದೇ. ಎಂಟು ವರ್ಷದ ಶಾಲೆಯಲ್ಲಿ ಇಷ್ಟೂ ಕಲಿತಿರಲಿಲ್ಲ.

ಆ ಹದಿನೇಳು ಕುರ್ಚಿ ಸೋಮವಾರ ಶಾಲೆಗೆ ಹೋಗುತ್ತವಂತೆ. ಮೇಷ್ಟ್ರುಗಳ ಮೇಲೆ ನನಗೆ ಹೇಳಿಕೊಳ್ಳುವಂಥ ಪ್ರೀತಿಯೇನೂ ಇಲ್ಲ. ಅವರು ಬೀಳುವುದನ್ನು ನೋಡಬೇಕೆಂದು ಎಂಟು ವರ್ಷ ಕಾದವನು ನಾನು. ಆದರೂ ನನ್ನ ಗುರುತಿರುವ ಕುರ್ಚಿಯಿಂದ ಯಾರೂ ಬೀಳಬಾರದು. ಮೇಷ್ಟ್ರೂ ಬೀಳಬಾರದು.

11. ಆಸ್ಪತ್ರೆಯಲ್ಲಿ ನಡೆದದ್ದನ್ನು ಬರೆಯುವುದೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಎರಡನೇ ಸಲ ತೋರಿಸಲು ಹೋದಾಗ ನನ್ನ ಸರದಿ ಬರಲು ಒಂದೂವರೆ ಗಂಟೆ ಇತ್ತು. ಬಂದವರೆಲ್ಲ “ಕೂತ್ಕೊಳ್ಳಿ, ಕೂತ್ಕೊಳ್ಳಿ” ಎನ್ನುವವರೇ. ಬೇಜಾರಿಗೆ ಒಂದು ಖಾಲಿ ಕುರ್ಚಿ ಮಗುಚಿ ನೋಡಿದೆ. ಅಡಿಯಲ್ಲಿ ಬಿಳಿ ಗುರುತು, ನನ್ನದೇ ಕೈ. ಎರಡು ವರ್ಷದ ಹಿಂದಿನ ಕುರ್ಚಿ.

ಅಷ್ಟರಲ್ಲಿ ನನಗಿಂತ ದಪ್ಪನೆಯ ಒಬ್ಬ ಅಜ್ಜಿ ಗಂಟುಮೂಟೆ ಸಮೇತ ಬಂದು, “ಸರಿ ಇಡಪ್ಪಾ ಅದನ್ನ, ಕಾಲು ಬಿದ್ದುಹೋಗ್ತಿದೆ” ಎಂದು ನನ್ನ ಕೈಯಿಂದ ಕುರ್ಚಿ ಕಸಿದುಕೊಂಡು ಧೊಪ್ಪನೆ ಕೂತರು. ಹಿಂದಕ್ಕೆ ವಾಲಿದರು. ಎಡಕ್ಕೆ ಹೊರಳಿ ಗಂಟು ಬಿಚ್ಚಿದರು, ಬಲಕ್ಕೆ ಹೊರಳಿ ನರ್ಸಮ್ಮನನ್ನು ಬೈದರು. ಆಮೇಲೆ ಹಾಗೇ ನಿದ್ದೆ ಹೋದರು. ಕುರ್ಚಿ ಕಿರ್ ಎನ್ನಲಿಲ್ಲ. ನಾನು ಒಂದೂವರೆ ಗಂಟೆ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಎಚ್ಚರವಾದ ಮೇಲೆ ಅವರು, “ಏನಪ್ಪಾ ಹೀಗೆ ನೋಡ್ತಿದೀಯ, ನಿಂಗೆ ಕೂರಬೇಕಾ?” ಎಂದರು. “ಬೇಡ ಅಜ್ಜಿ, ಅದು ನಾನು ಕೂತಿರೋ ಕುರ್ಚೀನೇ” ಎಂದೆ. ಅವರು ಗಂಟನ್ನು ಮಡಿಲಿಗೆ ಎಳೆದುಕೊಂಡರು.

ಈ ಅಂಶಕ್ಕೂ ನನ್ನ ಬೇಡಿಕೆಗೂ ಏನು ಸಂಬಂಧ ಎಂದು ಗುಮಾಸ್ತರು ಕೇಳುತ್ತಾರೆ. ಸಂಬಂಧ ಇದೆ. ಕೆಲಸ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ.

ಆದ್ದರಿಂದ ಮತ್ತು ಮೇಲ್ಕಂಡ ಎಲ್ಲ ಕಾರಣಗಳ ಕಾರಣದಿಂದ ತಮ್ಮಲ್ಲಿ ವಿನಂತಿ ಏನೆಂದರೆ:

(ಅ) ಅಪಘಾತಗಳ ಪುಸ್ತಕದ ಮೊದಲ ಹಾಳೆಯಲ್ಲಿ ಈ ಸಾಲು ಬರೆಯುವುದು: “ಕುರ್ಚಿ ಪರೀಕ್ಷಕನು ಕಚೇರಿಯ ಆಜ್ಞೆಯಂತೆ, ಕೆಲಸದ ಹೊತ್ತಿನಲ್ಲಿ, ತಾನೇ ಬೇಡವೆಂದಿದ್ದ ಕುರ್ಚಿಯ ಮೇಲೆ ಕಂಪನಿಗಾಗಿ ಕೂತು ಬಾಲಮೂಳೆ ಮುರಿದುಕೊಂಡನು.” ಉದ್ದವಾಯಿತೆಂದರೆ ‘ಬಾಲ’ ಎಂಬುದನ್ನು ಬಿಟ್ಟು ‘ಮೂಳೆ’ ಎಂದಷ್ಟೇ ಬರೆಯಬಹುದು. ‘ಕಂಪನಿಗಾಗಿ’ ಎಂಬುದನ್ನು ಬಿಡುವಂತಿಲ್ಲ.

(ಆ) ನನ್ನ ಗೈರನ್ನು ಗಾಯದ ರಜೆ ಎಂದು ತಿದ್ದಿ, ಆರು ವಾರದ ನಂತರ ನನ್ನನ್ನು ನನ್ನ ಶೆಡ್ಡಿಗೆ ಕಳಿಸುವುದು.

(ಇ) ಆ ಹದಿನೇಳು ಕುರ್ಚಿಯ ಗುರುತು ಒರೆಸಿ ಹಿತ್ತಲಿಗೆ ಹಾಕುವುದು. ಒರೆಸುವುದು ಹೇಗೆಂದು ಗುಮಾಸ್ತರಿಗೆ ಗೊತ್ತಿದೆ.

ಪರಿಹಾರ ಕೇಳುತ್ತಿಲ್ಲ. ಔಷಧ ಭಾವ ತಂದಿದ್ದಾರೆ. ನನಗೆ ಬೇಕಿರುವುದು ಒಂದು ಸಾಲು.

ಮೇಲ್ಕಂಡ ಮೂರರಲ್ಲಿ ಮೂರನ್ನೂ ಮಾಡಲಾಗದಿದ್ದರೆ, ಕೊನೆಯದನ್ನಾದರೂ ಮಾಡುವುದು. ಇದನ್ನು ಬರೆಯಬೇಡ, ಬರೆದರೆ ಅದೊಂದನ್ನೇ ಮಾಡಿ ನಿನ್ನನ್ನು ಮನೆಗೆ ಕಳಿಸುತ್ತಾರೆ ಎಂದು ಅಕ್ಕ ಬೈದಳು. ಸರಿಯಾಗಿಯೇ ಬೈದಳು. ಆದರೂ ಬರೆದಿದ್ದೇನೆ.

ತೀರ್ಮಾನ ಆಗುವವರೆಗೆ ನಾನು ನಾಳೆ ಬೆಳಿಗ್ಗೆಯಿಂದ ಕಚೇರಿಯ ಬಾಗಿಲಿನಲ್ಲಿ ಹಾಜರಿರುತ್ತೇನೆ. ಶಾಲೆಯ ಲಾರಿಗೆ ಕುರ್ಚಿಗಳನ್ನು ಸಾಗಿಸುವುದೂ ಅದೇ ಬಾಗಿಲಿನಿಂದ. ಬಾಗಿಲು ಅಗಲವಿಲ್ಲ, ನಾನು ಅಗಲವಿದ್ದೇನೆ. ಎಷ್ಟು ಹೊತ್ತಾದರೂ ನಿಲ್ಲಬಹುದೆಂದು ವೈದ್ಯರು ಬರೆದುಕೊಟ್ಟಿದ್ದಾರೆ.

ಇಂತಿ, ಇನ್ನೆರಡು ದಿನದ ಮಟ್ಟಿಗೆ ತಮ್ಮ ವಿಶ್ವಾಸಿಯೂ, ಆಮೇಲೆ ಏನೆಂದು ತಾವೇ ತೀರ್ಮಾನಿಸಬೇಕಾದವನೂ ಆದ,

ಕುರ್ಚಿ ಪರೀಕ್ಷಕ
(ಸಹಿ. ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆಯಿಟ್ಟು ನಿಂತು ಹಾಕಿದ್ದರಿಂದ ಮೇಲಕ್ಕೆ ಹೋಗಿದೆ.)

ದಿನಾಂಕ: ಗಾಯದ ಹತ್ತೊಂಬತ್ತನೇ ದಿನ.

ಅಡಕಗಳು:
1. ವೈದ್ಯರ ಚೀಟಿ. ‘ಬಾಲಮೂಳೆ’ ಎಂಬಲ್ಲಿ, ಅದು ಎಲ್ಲರಿಗೂ ಇರುತ್ತದೆ, ಗುಮಾಸ್ತರಿಗೂ ಇರುತ್ತದೆ ಎಂದು ವೈದ್ಯರಿಂದ ಹೆಚ್ಚುವರಿಯಾಗಿ ಬರೆಸಿ ಸಹಿ ಮಾಡಿಸಲಾಗಿದೆ.
2. ಎಕ್ಸ್‌ರೇ, ಒಂದು. ನೋಡಿ ವಾಪಸು ಕೊಡುವುದು. ಭಾವ ಬಂದವರಿಗೆಲ್ಲ ತೋರಿಸುತ್ತಾರೆ.
3. ಮುರಿದ ಹಿಂಗಾಲು (ಕುರ್ಚಿಯದು), ಪೆನ್ಸಿಲ್ ಬರಹ ಸಮೇತದ ಸೀಟಿನ ಚೂರು. ಚೀಲದಲ್ಲಿ.
4. ಅಕ್ಕನ ಹೇಳಿಕೆ, ಏಳು ಪುಟ. ಎರಡನೇ ಪುಟದಿಂದ ಗುಮಾಸ್ತರು ಓದದಿರುವುದು ಅವರಿಗೇ ಒಳ್ಳೆಯದು.
5. ಪೆನ್ನು, ಒಂದು.

ವಿಶೇಷ ಸೂಚನೆ: ಮೂರನೇ ಪುಟದ ಒದ್ದೆ ಕಲೆ ಅಕ್ಕ ಪಕ್ಕದಲ್ಲಿ ಹೆಚ್ಚುತ್ತಿದ್ದ ಈರುಳ್ಳಿಯಿಂದ ಆದದ್ದು, ಬೇರೆ ಅರ್ಥ ಮಾಡಿಕೊಳ್ಳಬಾರದು. ನಾಳೆ ಅರ್ಜಿದಾರನು ಬಾಗಿಲಿನಲ್ಲಿ ನಿಂತಿರುವಾಗ ಅವನನ್ನು ಕಂಡು ಯಾರಿಗಾದರೂ ಮರುಕ ಹುಟ್ಟಿದಲ್ಲಿ, ಯಾವ ಕಾರಣಕ್ಕೂ ಕುರ್ಚಿ ತಂದು ಹಾಕಬಾರದಾಗಿ ವಿನಂತಿ.